ಮೊದಲ ಕರೆಗೆ ಓ ಅನ್ನಬಾರದು

ಮುಸ್ಸಂಜೆಯ ಹೊತ್ತಿನಲ್ಲಿ ಯಾರಾದರೂ ಹೊರಗಿನಿಂದ ಕರೆದರೆ ನೀವು ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಸುಮ್ಮನೆ ಕೂರುತ್ತಾರೆ. ಎರಡನೇ ಸಲ ಕರೆದರೂ ಸುಮ್ಮನೆ ಕೂರುತ್ತಾರೆ. ಮೂರನೇ ಸಲ ಕರೆದ ಮೇಲೆ "ಓ" ಅನ್ನುತ್ತಾರೆ, ಅದೂ ಎದ್ದು ಬಾಗಿಲ ತನಕ ಹೋಗಿ ಮುಖ ಕಂಡ ಮೇಲೆ. ಬದುಕಿದ್ದವರಿಗೆ ನಮ್ಮಿಂದ ಏನಾದರೂ ಕೆಲಸ ಇರುತ್ತದೆ, ಅವರು ಬೇಕಾದಷ್ಟು ಸಲ ಕರೆಯುತ್ತಾರೆ. ಬದುಕಿಲ್ಲದವು ಒಂದೇ ಸಲ ಕರೆಯುತ್ತವೆ. ಅದಕ್ಕೆ ಓ ಅಂದವರು ಆ ಕರೆಯ ಬೆನ್ನಿಗೇ ಹೋಗಬೇಕಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಬಾಯಿ ಮುಚ್ಚು ಅನ್ನುತ್ತಿದ್ದರು.

ನನ್ನ ತವರು ಬಾರ್ಕೂರು. ಅಲ್ಲಿ ನಮ್ಮ ಅಣ್ಣ ಈ ನಂಬಿಕೆಯನ್ನು ನನ್ನ ಮೇಲೆ ಚೆನ್ನಾಗಿ ಉಪಯೋಗಿಸಿಕೊಂಡಿದ್ದ. ಕತ್ತಲಾಗುವಾಗ ಹುಲ್ಲಿನ ಕುತ್ರಿಯ ಹಿಂದೆ ಅಡಗಿ ನನ್ನ ಹೆಸರು ಹಿಡಿದು ಎರಡು ಸಲ ಕರೆದು ನಿಲ್ಲಿಸಿಬಿಡುವನು. ಮೂರನೆಯದು ಬರುತ್ತದೋ ಇಲ್ಲವೋ ಎಂದು ನಾನು ಒಳಗೆ ಕಂಬ ಹಿಡಿದುಕೊಂಡು ನಿಂತಿರುವೆನು. ಬದುಕಿದ್ದವರು ಎರಡಕ್ಕೆ ನಿಲ್ಲಿಸುವುದಿಲ್ಲ, ಸತ್ತವರು ಎರಡರ ತನಕ ಬರುವುದಿಲ್ಲ. ಹಾಗಾದರೆ ಕರೆದದ್ದು ಯಾರು? ಅಣ್ಣ ಆ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಂದು ನನ್ನ ಪಾಲಿನ ಹಲಸಿನ ಹಪ್ಪಳ ತಿಂದು ಮುಗಿಸಿರುತ್ತಿದ್ದ.

ಶಾಲೆಯಲ್ಲೂ ಒಮ್ಮೆ ಹೀಗಾಯಿತು. ಆಷಾಢದ ದಿನ, ಮಧ್ಯಾಹ್ನವೇ ಮೋಡ ಕವಿದು ತರಗತಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮಾಷ್ಟ್ರು ಹಾಜರಿ ಕರೆದರು. ನನ್ನ ಹೆಸರು ಬಂದಾಗ ನಾನು ಸುಮ್ಮನಿದ್ದೆ.

"ಎಂತ ಹೆಣೆ, ಬಾಯಗೆ ಬೆಲ್ಲ ಇತ್ತಾ?"

"ಕತ್ಲಿ ಆಯ್ತಲೆ ಮಾಷ್ಟ್ರೆ. ಇನ್ನೆರಡ್ ಸಲ ಕರೀರಿ."

"ನಾ ಎಂತ ದೆವ್ವನಾ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಗೊತ್ತಿಲ್ಲೆ ಮಾಷ್ಟ್ರೆ, ಮುಖ ಕಾಂತಿಲ್ಲೆ."

ಅಂಗೈ ಎರಡು ದಿನ ಕೆಂಪಗಿತ್ತು. ಮುಂದೆ ನನ್ನ ಓದು ಐದನೇ ತರಗತಿಗೆ ನಿಂತಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ನಾನು ಮದುವೆಯಾದದ್ದು ಒಬ್ಬ ಮಾಷ್ಟ್ರನ್ನು. ಹಾಜರಿ ಕರೆಯುವುದೇ ಅವರ ಕಸುಬು.

"ಅವರ" ಎಂದು ಬರೆದುಬಿಟ್ಟೆ. ಹತ್ತಿರ ಇದ್ದವರಿಗೆ 'ಇವರು', ದೂರ ಇದ್ದವರಿಗೆ 'ಅವರು' ಎಂದು ಶಾಲೆಯಲ್ಲಿ ಕಲಿತದ್ದು ನೆನಪಿದೆ. ಈ ಮಳೆಗಾಲದಿಂದ ನಾನು 'ಅವರು' ಅನ್ನಬೇಕು. ಕೈ ಹೇಗೋ ಬರೆಯಿತು, ಬಾಯಿ ಇನ್ನೂ ಒಪ್ಪುವುದಿಲ್ಲ. ಗಂಡನ ಹೆಸರು ಹೇಳಿ ಅಭ್ಯಾಸವಿಲ್ಲದ ನಾನು 'ಇವರು' ಎಂದೇ ಬರೆದುಕೊಂಡು ಹೋಗುತ್ತೇನೆ, ನೀವು ತಿದ್ದಬೇಡಿ.

ನಮ್ಮ ಮನೆ ಹಟ್ಟಿಯಂಗಡಿಯ ಹತ್ತಿರ, ಹೊಳೆಯ ಬಡಗು ದಡದಲ್ಲಿ. ಕುಂದಾಪುರದ ಕಡೆಯಿಂದ ಬಂದವರು ತೆಂಕು ದಡದಲ್ಲಿ ನಿಂತು ದೋಣಿಗಾಗಿ ಕೂಗಬೇಕು. ದೋಣಿಯವನು ಶೀನ. ಅವನ ಬಿಡಾರ ನಮ್ಮ ತೋಟದ ಕೆಳಗೆ, ಕೂರುವುದು ಮಾತ್ರ ನಮ್ಮ ಜಗಲಿಯಲ್ಲಿ. ಹಗಲಿಗೆ ಯಾರು ಹೇಗೆ ಕೂಗಿದರೂ ಶೀನ ಹೋಗುತ್ತಾನೆ. ದೀಪ ಹಚ್ಚಿದ ಮೇಲೆ ಮೂರು ಕರೆ ಆಗಬೇಕು. ಕೆಲವರು ಬುದ್ಧಿವಂತಿಕೆ ಮಾಡಿ "ಹ್ವಾಯ್ ಹ್ವಾಯ್ ಹ್ವಾಯ್" ಎಂದು ಒಂದೇ ಉಸಿರಿಗೆ ಮುಗಿಸುವರು. ಶೀನ ಅಲ್ಲಾಡುವವನಲ್ಲ. "ಒಟ್ಟಿಗ್ ಕೂಗಿರೆ ಅದ್ ಒಂದೇ ಲೆಕ್ಕ" ಎಂದು ಎಲೆಗೆ ಸುಣ್ಣ ಹಚ್ಚುತ್ತಾ ಕೂರುವನು.

ಇವರು ಸಿಂಗಾಪುರಕ್ಕೆ ಹೋದದ್ದು ಯುದ್ಧ ಅಲ್ಲಿಗೆ ಮುಟ್ಟುವ ಮೊದಲು. ಬೈಂದೂರಿನ ನಮ್ಮ ದೂರದ ಸಂಬಂಧಿಯೊಬ್ಬರು ಅಲ್ಲಿ ಸಾಮಾನಿನ ಅಂಗಡಿ ಇಟ್ಟಿದ್ದರು. ಅಲ್ಲಿದ್ದ ನಮ್ಮ ದೇಶದವರ ಮಕ್ಕಳಿಗೆ ಪಾಠ ಹೇಳಲು ಮಾಷ್ಟ್ರು ಬೇಕು ಎಂದು ಕರೆಸಿಕೊಂಡರು. ಮೊದಲೆರಡು ವರ್ಷ ಕಾಗದ ಬರುತ್ತಿತ್ತು. ಜಪಾನಿನವರು ಆ ಊರು ಹಿಡಿದ ಮೇಲೆ ಒಂದೂ ಇಲ್ಲ. ನಡುವೆ ಬೊಂಬಾಯಿಯಿಂದ ಬಂದವರೊಬ್ಬರು, ಆ ಅಂಗಡಿಯ ಮೇಲೆ ಬಾಂಬು ಬಿತ್ತಂತೆ, ಯಾರೂ ಉಳಿಯಲಿಲ್ಲವಂತೆ ಎಂದು ಕುಂದಾಪುರದ ಪೇಟೆಯಲ್ಲಿ ಹೇಳಿ ಹೋದರು. ಅತ್ತೆ ಒಪ್ಪಲಿಲ್ಲ. ನನ್ನ ಬಳೆ ಮುಟ್ಟಲು ಯಾರನ್ನೂ ಬಿಡಲಿಲ್ಲ. "ನಾ ಕಣ್ಣಗೆ ಕಾಣ್ದೆ ಒಪ್ಪುದಿಲ್ಲೆ" ಅಂದರು.

ಆದರೆ ಅದು ಹಗಲಿನ ಮಾತು. ಹಗಲಿಗೆ ಅತ್ತೆಯ ಮಗ ಬದುಕಿದ್ದ. ದೀಪ ಹಚ್ಚುವ ಹೊತ್ತಿಗೆ ಅವರಿಗೂ ಅನುಮಾನ ಬರುತ್ತಿತ್ತು. ತುಳಸಿಯ ಮುಂದೆ ದೀಪ ಇಟ್ಟು ಹೊಳೆಯ ಕಡೆ ಬೆನ್ನು ಹಾಕಿಯೇ ಒಳಗೆ ಬರುವರು.

ಯುದ್ಧ ಮುಗಿದ ಮರುವರ್ಷ, ಮಳೆ ಹಿಡಿಯುವ ಮೊದಲು ಒಂದು ಸಂಜೆ. ಹೊಳೆಯಲ್ಲಿ ಇಳಿತ, ಕೆಸರಿನ ವಾಸನೆ ಅಂಗಳದ ತನಕ ಬಂದಿತ್ತು. ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು, ಶೀನ ಜಗಲಿಯ ತುದಿಯಲ್ಲಿ ಎಲೆ ಮೆಲ್ಲುತ್ತಿದ್ದ, ನಾನು ಬಾವಿಯಿಂದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಿದ್ದೆ. ತೆಂಕು ದಡದಿಂದ ಒಂದು ಕರೆ ಬಂತು.

"ಹ್ವಾಯ್... ಶೀನಾ..."

ಧ್ವನಿ ಮೂವರಿಗೂ ಗುರುತಾಯಿತು. ನಾನು ಬಾಯಿ ತೆರೆದಿದ್ದೆನೋ ಏನೋ, ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. ಎಣ್ಣೆಯ ವಾಸನೆ.

"ಓ ಅನ್ಬ್ಯಾಡ," ಎಂದು ಕಿವಿಯಲ್ಲಿ ಅಂದರು. "ಒಂದೇ ಸಲ."

ಶೀನನ ದವಡೆ ನಿಂತಿತ್ತು. ದಾರಿಯಲ್ಲಿ ಹೋಗುವ ಎಲೆಗೂ ಬೊಗಳುವ ನಮ್ಮ ನಾಯಿ ಮೆಟ್ಟಿಲ ಕೆಳಗೆ ಬಂದು ನಿಂತು ಹೊಳೆಯ ಕಡೆ ನೋಡಿತೇ ಹೊರತು ಬೊಗಳಲಿಲ್ಲ. ನಾವು ಎರಡನೇ ಕರೆಗೆ ಕಾದೆವು. ಬರಲಿಲ್ಲ. ಬೆಳಕು ಇಳಿದು ಆಚೆ ದಡದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳೆಲ್ಲ ಒಂದೇ ಕಪ್ಪು ಗೋಡೆಯಾದವು. ಇನ್ನು ಬರುವುದಿಲ್ಲ ಎಂದು ಮೂವರಿಗೂ ಅನ್ನಿಸಿದ ಮೇಲೆ, ಬಂತು. "ಶೀನಾ..." ಮತ್ತೆ ಸ್ವಲ್ಪ ಹೊತ್ತಿಗೆ, ತಾಳ್ಮೆ ಕೆಟ್ಟ ಧ್ವನಿಯಲ್ಲಿ:

"ಹ್ವಾಯ್ ಶೀನಾ, ನಾ ಸತ್ತಿಲ್ಲೆ ಮಾರಾಯಾ! ದೋಣಿ ತಾ!"

ಶೀನ ಮೆಲ್ಲಗೆ ನನ್ನ ಅತ್ತೆಗೆ ಅಂದ, "ಸತ್ತವ್ರೆಲ್ಲ ಹಾಂಗೇ ಹೇಳುದ್, ಅಮ್ಮ."

ಅತ್ತೆಗೆ ಅದು ನ್ಯಾಯವಾಗಿ ಕಂಡಿತು. ಅಂಗಳದ ತುದಿಗೆ ಹೋಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂಗಿದರು. "ಹೌದಾರೆ ನಿನ್ನ ಮೈ ಮೇಲ್ ಮಚ್ಚೆ ಎಲ್ಲಿತ್ ಹೇಳ್!"

ಆಚೆ ದಡದ ಧ್ವನಿ ಸಣ್ಣಗಾಯಿತು.

"ಅಬ್ಬೇ, ಊರಿಗೆಲ್ಲ ಕೇಂಬ ಹಾಂಗೆ ಅದನ್ನ್ ಹೇಳೂಕಾತ್ತಾ?"

ದೆವ್ವಕ್ಕೆ ನಾಚಿಕೆ ಇರುವುದಿಲ್ಲ ಎಂದು ಅತ್ತೆ ಅಲ್ಲೇ ತೀರ್ಮಾನಿಸಿದರು. "ಹೋಗಾ ಶೀನ, ಹೋಗಾ!" ಎಂದು ಅಳುತ್ತಾ ಅವನನ್ನು ಜಗಲಿಯಿಂದ ದೂಡಿದರು.

ಆ ರಾತ್ರಿ ಇವರು ಗಂಜಿ ಉಣ್ಣುವಾಗ ಲಾಟೀನಿನ ಬೆಳಕಿಗೆ ಗೋಡೆಯ ಮೇಲೆ ನೆರಳು ಬೀಳುತ್ತದೆಯೇ ಎಂದು ನಾನು ನೋಡಿದೆ. ಬಿತ್ತು. ಬಹಳ ತೆಳ್ಳಗೆ ಬಿತ್ತು.

ಕೊರಿಯಾದವರ ಸುದ್ದಿ ನಮ್ಮ ಮನೆಗೆ ಬಂದದ್ದು ಅದರ ಮರುವಾರ. ಅತ್ತೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಅಲ್ಲಿ ನೀನು ಎಂತ ಮಾಡಿದೆ, ಯಾರಿಗೆ ಪಾಠ ಹೇಳಿದೆ ಎಂದು ಕೇಳಿದರು.

"ನಮ್ಮ ಮಕ್ಕಳಿಗೆ ಎರಡ್ ವರ್ಷ. ಮತ್ತೆ ಕೊರಿಯಾದವರಿಗೆ," ಅಂದರು ಇವರು.

"ಅದೆಲ್ಲಿ ಮಗಾ, ಬೊಂಬಾಯಿಂದ ಆಚೀಗಾ?"

"ಜಪಾನಿನ ಹತ್ರ ಅಬ್ಬೆ. ಜಪಾನಿನವ್ರ್ ಅವ್ರ ಊರನ್ನೇ ನುಂಗಿ ಕೂಕಂಡಿದ್ರ್."

"ಪಾಪ."

"ಪಾಪ ಎಂತ ಪಾಪ! ಪಿಶಾಚಿಗಳ್ ಅವು. ಹೆಸ್ರ್ ಕರ್ದ್ರೆ ಓ ಅಂಬುದಿಲ್ಲೆ."

ಅತ್ತೆಯ ಕತ್ತಿ ನಿಂತಿತು. ನನ್ನ ಕಡೆ ನೋಡಿದರು.

ಇವರು ಹೇಳಿದ್ದು ಹೀಗೆ. ಜಪಾನಿನ ಸೈನ್ಯದವರು ನಮ್ಮ ದೇಶದ ಸೈನಿಕರನ್ನು ಸೆರೆ ಹಿಡಿದು ಇಟ್ಟಿದ್ದರು. ಅವರಲ್ಲಿ ಕೆಲವರ ಕಾವಲಿಗೆ ಕೊರಿಯಾದಿಂದ ತಂದ ಯುವಕರು. ಕಾವಲಿನವರಿಗೆ ಸೆರೆಯಾಳುಗಳ ಮಾತು ಬರಬೇಕಲ್ಲ, ಅದಕ್ಕೆ ಸ್ವಲ್ಪ ಇಂಗ್ಲಿಷು, ಸ್ವಲ್ಪ ಹಿಂದೂಸ್ತಾನಿ ಕಲಿಸು ಎಂದು ಇವರನ್ನು ಒಂದು ಖಾಲಿ ಶಾಲೆಯಲ್ಲಿ ಕೂರಿಸಿದರು. ಎದುರಿಗೆ ಬೋಳಿಸಿದ ತಲೆಗಳ ಸಾಲು. ಹಗಲಿಗೆ ಸೆರೆಯವರ ಕಪಾಳಕ್ಕೆ ಹೊಡೆಯುವ ಕೈಗಳು ಇಳಿಹೊತ್ತಿಗೆ ಇವರ ಮುಂದೆ ಸ್ಲೇಟು ಹಿಡಿದು ಕೂರುತ್ತಿದ್ದವು. ಇವರಿಗೆ ಅವರ ಮುಖದಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಆಗುತ್ತಿರಲಿಲ್ಲ. ಹಾಜರಿ ಕರೆದರೆ ಮೊದಲ ಸಲಕ್ಕೆ ಯಾರೂ ಬಾಯಿ ಬಿಡರು. ಕರೆದ ಹೆಸರು ಕೋಣೆಯಲ್ಲಿ ಸುತ್ತಾಡಿ, ಕೂರಲು ಜಾಗ ಸಿಗದೆ ಇವರ ಹತ್ತಿರವೇ ವಾಪಸು ಬಂದ ಹಾಗೆ ಅನ್ನಿಸುತ್ತಿತ್ತಂತೆ. ಮತ್ತೆ ಕರೆದರೆ ಯಾರೋ ಒಬ್ಬ ನಿಧಾನವಾಗಿ ಏಳುವನು.

"ನಮ್ಮೂರಗೆ ಮುಸ್ಸಂಜಿಗೆ ಮಾಡ್ತ್ರಲೆ, ಹಾಂಗೆ," ಅಂದರು. "ನಾನೇ ದೆವ್ವ ಅಂದ್ಹೇಳಿ ಅವ್ರ ಲೆಕ್ಕ."

ಇನ್ನೊಂದು ಸಿಟ್ಟು ಇತ್ತು. ಪಾಠ ಮುಗಿಸಿ "ತಿಳಿಯಿತಾ?" ಎಂದು ಕೇಳಿದರೆ ಎಲ್ಲರೂ ತಲೆ ತಗ್ಗಿಸಿ "ನೇ" ಅನ್ನುತ್ತಿದ್ದರು. ಕುಂದಾಪುರದ ಪೇಟೆಯಲ್ಲಿ ಕೊಂಕಣಿಯವರ 'ನಾ', 'ನ್ಹಯ್' ಕೇಳಿ ಬೆಳೆದ ಕಿವಿ ಇವರದು. ಇಲ್ಲ ಅನ್ನುತ್ತಿದ್ದಾರೆ ಎಂದು ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ಮರುದಿನ ಮತ್ತೆ "ನೇ". ಮತ್ತೆ ಅದೇ ಪಾಠ. ಬಾಗಿಲಲ್ಲಿ ಜಪಾನಿನ ಅಧಿಕಾರಿ ನಿಂತರೆ ಮಾತ್ರ ಬೇರೆ ಏನೋ ಒಂದು ಶಬ್ದವನ್ನು ಗಟ್ಟಿಯಾಗಿ ಕೂಗುವರು, ಅವನು ಹೋದೊಡನೆ ಮತ್ತೆ "ನೇ". ಬೇಕೆಂದೇ ಮಾಡುತ್ತಾರೆ ಎಂದು ಇವರಿಗೆ ಖಾತ್ರಿಯಾಯಿತು. ನೀರು, ಅನ್ನ, ಬಾ, ಹೋಗು. ಇಷ್ಟನ್ನೇ ಒಂದು ತಿಂಗಳು ಕಲಿಸಿದ ಮಾಷ್ಟ್ರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಕೊನೆಗೆ ಒಂದು ದಿನ ಹೌದು, ಇಲ್ಲ ಎಂಬ ಪಾಠ ಬಂತು. ಇವರು ಹಲಗೆಯ ಮೇಲೆ ಎರಡನ್ನೂ ಇಂಗ್ಲಿಷಿನಲ್ಲಿ ಬರೆದು, ತಲೆ ಆಡಿಸಿ ತೋರಿಸಿ, ಹೌದು ಅನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಏನು ಅನ್ನುತ್ತೀರಿ ಎಂದು ಕೇಳಿದರು.

"ನೇ," ಅಂದರು ಎಲ್ಲರೂ.

ಇವರು ಕುರ್ಚಿಯಲ್ಲಿ ಕೂತುಬಿಟ್ಟರಂತೆ. ಇವರ ಮುಖ ಕಂಡು ಅವರಿಗೆ ಏನು ತಿಳಿಯಿತೋ, ಆ ಕೋಣೆಯಲ್ಲಿ ಮೊದಲ ಸಲ ನಗು ಕೇಳಿತು. ನಗುವಾಗ ಮುಖಗಳು ಬೇರೆ ಬೇರೆಯಾದವು. ಒಬ್ಬನಿಗೆ ಮುಂದಿನ ಹಲ್ಲು ಮುರಿದಿತ್ತು. ಒಬ್ಬನಿಗೆ ಕೆನ್ನೆಯಲ್ಲಿ ಗುಳಿ. ಹಲ್ಲು ಮುರಿದವನು ಇನ್‌ಸು, ಗುಳಿ ಬೀಳುವವನು ಚಾನ್‌ಹೊ. ಇವು ಮನೆಯಲ್ಲಿ ಇಟ್ಟ ಹೆಸರುಗಳು. ಹಾಜರಿಯಲ್ಲಿ ಇದ್ದದ್ದು ಬೇರೆ.

ಅತ್ತೆ ನಡುವೆ ಬಾಯಿ ಹಾಕಿದರು. "ಈಸು ಅಂದ್ಹೇಳಿ ಹೆಸ್ರಾ? ಹೊಳಿಗ್ ಹಾರೂಕಾ?"

"ಈಸು ಅಲ್ಲ ಅಬ್ಬೆ, ಇನ್‌ಸು. ಜಪಾನಿನವ್ರ್ ಅವ್ನಿಗೆ ಕಾನೆಮೊತೊ ಅಂದ್ಹೇಳಿ ಬರ್ಕಂಡಿದ್ರ್."

"ಕಾಣೆ ಅಂದ್ಹೇಳಿಯೇ ಹೆಸ್ರ್ ಇಟ್ರೆ ಅವ ಎಲ್ಲಿಂದ ಓ ಅಂತ?" ಅಂದರು ಅತ್ತೆ.

ನಾವು ನಕ್ಕೆವು. ಇವರು ನಗಲಿಲ್ಲ. ಮಾವಿನಕಾಯಿಯ ಬುಟ್ಟಿಯನ್ನು ನೋಡುತ್ತಾ ಕೂತರು. ಯಾಕೆ ಎಂದು ಆಮೇಲೆ ತಿಳಿಯಿತು.

ಇವರ ಮಾತು ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಮುಂದಿನ ಜೂನಿನಲ್ಲಿ ಬ್ರಹ್ಮಾವರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಬಿಡಾರ. ಶನಿವಾರ ಸಂಜೆ ಬಸ್ಸು ಹಿಡಿದು, ಮಾಬುಕಳದ ಹೊಳೆ ದಾಟಿ, ಕೋಟ, ಕುಂದಾಪುರ ಕಳೆದು, ದೋಣಿ ನಿಲ್ಲುವ ಕಡವಿಗೆ ಬಂದು ಕೂಗುವರು. ಊಟವಾದ ಮೇಲೆ ಜಗಲಿಯಲ್ಲಿ ಒಂದೊಂದು ಚೂರು ಹೇಳುವರು. ಹೇಳಿದ್ದನ್ನೇ ಹೇಳುವರು, ಆದರೆ ಹೇಳುವ ರೀತಿ ಬದಲಾಗುತ್ತಿತ್ತು. ಮೊದಲ ಮಳೆಗಾಲ ಅವರು 'ಪಿಶಾಚಿಗಳು'. ಚಳಿ ಬರುವ ಹೊತ್ತಿಗೆ 'ಆ ಹುಡುಗ್ರು'. ಮರುವರ್ಷ 'ನನ್ನ ಹುಡುಗ್ರು'. ಕೊನೆಗೆ ಅತ್ತೆಯೇ, ಮಳೆ ಜೋರಾಗಿ ಬಂದ ಒಂದು ದಿನ, "ನಮ್ಮ ಈಸುವಿನ ಊರಗೆ ಮಳಿ ಹೀಂಗೇ ಬತ್ತಾ?" ಎಂದು ಕೇಳಿದರು.

ಓ ಅನ್ನದ ಕಾರಣವನ್ನು ಇನ್‌ಸು ಹೇಳಿದ್ದು ಬಹಳ ದಿನ ಕಳೆದು, ಭಾಷೆ ಅಷ್ಟು ಕಲಿತ ಮೇಲೆ. ಆ ಹೆಸರು ನಮ್ಮ ಅಜ್ಜಿ ಇಟ್ಟದ್ದಲ್ಲ ಮಾಷ್ಟ್ರೆ, ಕಚೇರಿಯವರು ಇಟ್ಟದ್ದು ಅಂದನಂತೆ. ನೀವು ಅದನ್ನು ಕರೆದಾಗ ನಾನು ಸ್ವಲ್ಪ ಕಾಯುತ್ತೇನೆ. ಆ ಹೆಸರಿನವನು ನಿಜವಾಗಿ ಎಲ್ಲಾದರೂ ಇದ್ದರೆ ಅವನೇ ಬಂದು ಏಳಲಿ ಎಂದು. ಅವನು ಬಂದರೆ ನಾನು ಮನೆಗೆ ಹೋಗಬಹುದು. ಯಾರೂ ಏಳುವುದಿಲ್ಲ, ಆಮೇಲೆ ನಾನು ಎದ್ದು ನಿಲ್ಲುತ್ತೇನೆ.

ಇದನ್ನು ಹೇಳುವಾಗ ಇವರು ಆಗಾಗ ಖಾಲಿ ಅಂಗಳದ ಕಡೆ ನೋಡುತ್ತಿದ್ದರು. ಯಾರೋ ಏಳುತ್ತಾರೆ ಎನ್ನುವ ಹಾಗೆ.

"ಆಗ ನಂಗ್ ಅದ್ ಮಳ್ಳಿನ ಮಾತ್ ಅಂತ್ಲೇ ಕಂಡಿತ್ತ್," ಅಂದರು ಒಂದು ಶನಿವಾರ, ನನ್ನೊಬ್ಬಳ ಹತ್ತಿರ. "ಗೊತ್ತಾದ್ದ್ ಹೊಳಿ ಬದಿಯಗೆ. ನಾ ಬಂದ ದಿನ ಒಂದ್ ಸಲ ಕೂಗಿ ಸುಮ್ಮನಾದ್ನಲೆ, ಎಂತಕ್ ಗೊತ್ತಿತ್ತಾ? ಯಾರೂ ಓ ಅನ್ಲಿಲ್ಲೆ. ಈ ದಡದಗೆ ದೀಪ ಕಾಂತಿತ್ತ್, ನೀವ್ ಮೂರ್ ಜನ ನಿಂತದ್ದ್ ಕಾಂತಿತ್ತ್. ನನ್ನ ಹೆಸರಿನವ ಬೇರೆ ಯಾರೋ ನನ್ಕಿಂತ ಮುಂಚೆ ಮನಿಗೆ ಬಂದ್ ಸೇರಿದ್ನಾ ಅಂದ್ಹೇಳಿ ಅನ್ನಿಸ್ತ್. ಅವ ಹೊರ್ಗ್ ಬಪ್ಪುಕ್ ಕಾದೆ."

"ಬಂದಿದ್ರೆ?" ಎಂದೆ.

"ಬಂದಿದ್ರೆ ನಾ ಎಲ್ಲಿಗ್ ಹೋಪುದ್?"

ಹೊಳೆಯ ಆ ಕತ್ತಲಿನಲ್ಲಿ ನಿಂತವರು ಇವರು, ಆದರೂ ಅದನ್ನು ಹೇಳುವಾಗ ಇನ್‌ಸುವಿನ ಕಥೆ ಹೇಳುವ ಹಾಗೆಯೇ ಹೇಳಿದರು.

ಚಾನ್‌ಹೊನ ವಿಷಯ ಹೇಳಿದ್ದು ಒಂದೇ ಸಲ. ಜಪಾನು ಸೋತ ಮೇಲೆ ಕಾವಲಿನವರೇ ಕಾವಲಿನಲ್ಲಿ ಕೂತರು. ತಮ್ಮ ಊರಿನ ಹಡಗಿಗಾಗಿ ತಿಂಗಳುಗಟ್ಟಲೆ ಕಾದರು. ಪಾಠ ಹೇಳು ಎಂದು ಯಾರೂ ಹೇಳದಿದ್ದರೂ ಇವರು ಹೋಗುತ್ತಿದ್ದರು. ಚಾನ್‌ಹೊ ಅಲ್ಲಿ ಜ್ವರದಿಂದ ತೀರಿಕೊಂಡ. ಇವರು ಮಣ್ಣು ಹಾಕುವಾಗ ಇದ್ದರು.

ಹಡಗು ಬಂದ ದಿನ ಒಬ್ಬ ಇಂಗ್ಲಿಷಿನ ಅಧಿಕಾರಿ ಹೆಸರು ಓದಲು ಹೋಗಿ ನಾಲಗೆ ಹೊರಳದೆ ಕಾಗದವನ್ನು ಇವರ ಕೈಗೆ ಕೊಟ್ಟ. ಹೆಸರಿಗೆ ಓಗೊಟ್ಟವರು ಹತ್ತಬೇಕು, ಓಗೊಡದವರು ಉಳಿಯಬೇಕು. ಇವರು "ಕಾನೆಮೊತೊ" ಎಂದು ಕರೆದರು. ಇನ್‌ಸು ಎದುರಿಗೇ ನಿಂತಿದ್ದ. ಮಾತಾಡಲಿಲ್ಲ. ಎರಡನೇ ಸಲ ಕರೆದರು, ಆಗಲೂ ಇಲ್ಲ. ಇನ್ನು ಮೇಲೆ ಆ ಹೆಸರಿಗೆ ಏಳುವುದಿಲ್ಲ ಎಂದು ಅವನು ನಿಶ್ಚಯ ಮಾಡಿದ್ದ ಎಂದು ಇವರಿಗೆ ಅರ್ಥವಾಯಿತು. ಅಧಿಕಾರಿ ಮುಂದಿನ ಹೆಸರು ಓದು ಅಂದ. ಇ​ವರು ಕಾಗದ ಮಡಚಿ, "ಇನ್‌ಸು" ಎಂದು ಕರೆದರು.

"ನೇ!"

ಮೊದಲ ಕರೆಗೆ. ಕರೆ ಮುಗಿಯುವ ಮೊದಲೇ.

ಆಮೇಲೆ ಇವರು ಕಾಗದ ನೋಡಲೇ ಇಲ್ಲ. ತರಗತಿಯಲ್ಲಿ ಕೂರುತ್ತಿದ್ದ ಸಾಲಿನ ಪ್ರಕಾರ ಮನೆಯ ಹೆಸರುಗಳನ್ನು ಕರೆಯುತ್ತಾ ಹೋದರು. ಒಬ್ಬೊಬ್ಬನೂ ಮೊದಲ ಕರೆಗೇ "ನೇ" ಎಂದು ಹಡಗಿನ ಹಲಗೆ ಹತ್ತಿ ಹೋದ. ಕರೆಯುವ ಭರದಲ್ಲಿ ಇವರ ಬಾಯಿಂದ "ಚಾನ್‌ಹೊ" ಎಂದು ಬಂದುಬಿಟ್ಟಿತು.

"ಬಂದ ಮೇಲ್ ನೆನಪಾಯ್ತ್," ಅಂದರು. "ಹೆಸ್ರ್ ಹಿಂದ್ ಎಳ್ಕಂಬುಕ್ ಆತ್ತಾ? ಅಷ್ಟ್ರಗೆ ಹಿಂದಿಂದ 'ನೇ' ಅಂದ್ಹೇಳಿ ಕೇಂಡೆ."

"ಯಾರ್ ಅಂದದ್ದ್?"

"ಕಾಣ್ಲಿಲ್ಲೆ. ದಡದಗೆ ಯಾರೂ ಉಳ್ದಿರ್ಲಿಲ್ಲೆ."

ಬೇರೆ ಯಾರೋ ಹುಡುಗ ಹಡಗಿನಿಂದ ಅವನ ಪರವಾಗಿ ಅಂದಿರಬೇಕು ಎಂದು ನಾನು ಹೇಳಿದೆ. ಇವರು ಹೌದು ಅಂದರು. ನಮ್ಮಿಬ್ಬರಿಗೂ ಅಷ್ಟು ಸಾಕಿತ್ತು.

ಬ್ರಹ್ಮಾವರದ ಶಾಲೆಯಲ್ಲಿ ಇವರಿಗೆ 'ಎರಡು ಹೆಸರಿನ ಮಾಷ್ಟ್ರು' ಎಂದು ಮಕ್ಕಳು ಹೆಸರಿಟ್ಟಿದ್ದರು. ಹಾಜರಿಯಲ್ಲಿ ಬರೆದ ಹೆಸರಿಗೆ ಮಗು ತಡಮಾಡಿದರೆ ಇವರು ಗದರುತ್ತಿರಲಿಲ್ಲ. ಹತ್ತಿರ ಕರೆದು ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳುವರು. ಮರುದಿನದಿಂದ ಆ ಹೆಸರು. ಹೀಗಾಗಿ ಅಲ್ಲಿನ ತರಗತಿಯಲ್ಲಿ ಪುಟ್ಟ, ಬಾಬು, ಕುಟ್ಟಿ ಎಂದು ಹೆಸರುಗಳು ಕೇಳಿಬರುತ್ತಿದ್ದವು. ಒಮ್ಮೆ ತಪಾಸಣೆಗೆ ಬಂದವರು ಇದೇನು ಶಾಲೆಯೋ ನಾಮಕರಣದ ಮನೆಯೋ ಎಂದು ಕೇಳಿದರಂತೆ.

ಈ ಮಳೆಗಾಲ ಇವರು ಜ್ವರ ಹೊತ್ತುಕೊಂಡೇ ಊರಿಗೆ ಬಂದರು. ಸಿಂಗಾಪುರದ ಜ್ವರ, ಒಳಗೆ ಕೂತಿದ್ದು ಎದ್ದಿತು ಎಂದು ಕುಂದಾಪುರದ ಡಾಕ್ಟರು ಹೇಳಿದರು. ಹಗಲಿಗೆ ಸರಿ ಇರುವರು, ದೀಪ ಹಚ್ಚುವ ಹೊತ್ತಿಗೆ ಮೈ ಕಾಯುವುದು. ಆಗ ಹಾಜರಿ ಶುರುವಾಗುತ್ತಿತ್ತು. ಮೊದಲು ಬ್ರಹ್ಮಾವರದ ಮಕ್ಕಳು. ಪ್ರತಿ ಹೆಸರಿಗೂ ನಿಲ್ಲಿಸಿ ಕಾಯುವರು. ಯಾರೂ ಓ ಅನ್ನದಿದ್ದರೆ ಹಣೆ ಗಂಟಿಕ್ಕಿ, ಎದ್ದು ಕೂರಲು ನೋಡುವರು. ಅದನ್ನು ನೋಡಲಾಗದೆ ನಾನು ಓ ಅಂದೆ. ಮುಖ ಸಡಿಲವಾಯಿತು. ಮುಂದಿನ ಹೆಸರಿಗೆ ಹೋದರು. ನಾನು ಐದನೇ ತರಗತಿ ಬಿಟ್ಟ ಮೇಲೆ ಇಷ್ಟು ಸಲ ಹಾಜರಾದದ್ದು ಆಗಲೇ.

ಆಮೇಲೆ ಇನ್ನೊಂದು ಹಾಜರಿ. ಇನ್‌ಸು. ನಾನು "ನೇ" ಅಂದೆ. ನನಗೆ ಗೊತ್ತಿಲ್ಲದ ಹೆಸರುಗಳು ಒಂದರ ಹಿಂದೆ ಒಂದು ಬಂದವು, ಎಲ್ಲದಕ್ಕೂ ನಾನೇ "ನೇ". ಬಾಗಿಲಲ್ಲಿ ಅತ್ತೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ಮುಸ್ಸಂಜೆಯಲ್ಲಿ ಮೊದಲ ಕರೆಗೇ ಬಾಯಿ ಬಿಡುವ ಸೊಸೆಯನ್ನು ತಡೆಯಲಿಲ್ಲ.

"ಚಾನ್‌ಹೊ," ಅಂದರು ಇವರು.

ನಾನು ಆ ಹೊತ್ತಿಗೆ ನೀರಿನ ಚೊಂಬು ಎತ್ತಲು ಬಗ್ಗಿದ್ದೆ. ಬಾಯಿ ತೆರೆದಿರಲಿಲ್ಲ. ಹೊಳೆಯ ಕಡೆಯಿಂದ, ಸಣ್ಣಗೆ, "ನೇ" ಎಂದು ಬಂತು.

ಶೀನನ ಕರು ಇರಬೇಕು. ಅದಕ್ಕೆ ಆಗ ಹೊಸದಾಗಿ ಮೂಗುದಾರ ಹಾಕಿದ್ದರು, ಹೊತ್ತಲ್ಲದ ಹೊತ್ತಿಗೆ ಕೂಗುತ್ತಿತ್ತು. ನಾನು ಹಾಗೆಂದೇ ಇಟ್ಟುಕೊಂಡಿದ್ದೇನೆ. ಇವರು ಮಾತ್ರ ನಕ್ಕರು. ಎಲ್ಲರೂ ಬಂದರು ಎನ್ನುವ ಹಾಗೆ ಕೈ ಎದೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆ ಸಂಜೆ ಮತ್ತೆ ಯಾರನ್ನೂ ಕರೆಯಲಿಲ್ಲ. ತೀರಿಕೊಂಡದ್ದು ಅದಾಗಿ ಕೆಲವು ದಿನಕ್ಕೆ, ನಡುಹಗಲಲ್ಲಿ, ನಾನು ಕಂಡಿಯಿಂದ ಬರುವ ಎರಚಲಿಗೆ ಗೋಣಿ ಸಿಕ್ಕಿಸುತ್ತಿದ್ದಾಗ. ನನ್ನನ್ನೂ ಕರೆಯಲಿಲ್ಲ.

ಅದೊಂದೇ ನನಗೆ ಕೊರೆಯುವುದು. ಅಷ್ಟು ಜನರನ್ನು ಹೆಸರು ಹಿಡಿದು ಕರೆದವರು ನನ್ನನ್ನು ಕರೆಯದೆ ಹೋದರು. ನನ್ನನ್ನು ಇವರು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ, "ಹ್ವಾಯ್" ಅಂದರೆ ಅದು ನಾನೇ. ಆ ಒಂದು ಹ್ವಾಯ್ ಸಾಕಾಗಿತ್ತು. ನಾನು ಆಗ ಏನು ಅನ್ನುತ್ತಿದ್ದೆನೋ, ಅದು ಇನ್ನೂ ನನ್ನ ಬಾಯಲ್ಲೇ ಉಳಿದಿದೆ.

ಮಳೆ ಹಿಂದಾಯಿತು. ಮೊನ್ನೆ ಶನಿವಾರ ಇಳಿತದ ಹೊತ್ತು. ಗಾಳಿ ಇರಲಿಲ್ಲ. ಅತ್ತೆ ತುಳಸಿಗೆ ದೀಪ ಇಟ್ಟು ಹೊಳೆಗೆ ಬೆನ್ನು ಹಾಕಿ ಬರುತ್ತಿದ್ದರು, ನಾನು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದೆ, ಶೀನ ತನ್ನ ಜಾಗದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತೆಂಕು ದಡದಿಂದ ಬಂತು.

"ಹ್ವಾಯ್..."

ಹೆಸರಿಲ್ಲ. ಶೀನನ ಬೆರಳು ಎಲೆಯ ಮೇಲೆ ನಿಂತಿತು. ನಾಯಿ ಎದ್ದು ಮೆಟ್ಟಿಲ ಕೆಳಗೆ ಹೋಗಿ ನಿಂತಿತು, ಬೊಗಳಲಿಲ್ಲ. ನಾವು ಮೂವರೂ ಎರಡನೆಯದಕ್ಕೆ ಕಾದೆವು. ಆಚೆ ದಡದಲ್ಲಿ ಕಾಂಡ್ಲಾ ಗಿಡಗಳು ಒಂದೊಂದಾಗಿ ಕಪ್ಪಾದವು. ನೀರು ಇಳಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

"ಹೆಣೆ," ಅಂದರು ಅತ್ತೆ. "ಕೇಂಡ್ಯಾ?"

"ಕೇಂಡೆ ಅತ್ತೆ."

"ಒಂದೇ ಸಲ."

"ಹ್ಞಾಂ."

ಅತ್ತೆ ನನ್ನ ಪಕ್ಕ ಬಂದು ನಿಂತರು. ಅವರ ಅಂಗೈಯ ಎಣ್ಣೆಯ ವಾಸನೆ ಬಂತು. ಬಾಯಿ ಮುಚ್ಚುತ್ತಾರೆ ಎಂದು ನಾನು ಮುಖ ಎತ್ತಿದೆ. ಮಗ ತೀರಿಕೊಂಡ ಮೇಲೆ ಮೊದಲ ಸಲ ಅವರು ಹೊಳೆಯ ಕಡೆಗೇ ತಿರುಗಿ ನಿಂತಿದ್ದರು.

"ಮತ್ತೆ ಎಂತಕ್ ಸುಮ್ಮನೆ ಕೂಕಂಡಿದ್ದೆ?" ಅಂದರು. "ಅವ ಇನ್ನೊಂದ್ ಸಲ ಕರೂದಿಲ್ಲೆ. ಹಿಂದೆಯೂ ನಾವ್ ಕಾಯಿಸಿಯೇ ಇಟ್ಟಿತ್. ಓ ಅನ್."

ನಾನು ಬಾಯಿ ತೆರೆದೆ. ಓ ಬರಲಿಲ್ಲ.

"ನೇ," ಅಂದೆ.

ಸ್ವಲ್ಪ ಹೊತ್ತು ಕಳೆದು ಶೀನ ಎಲೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಯಾರ ಹತ್ತಿರವೂ ಏನೂ ಕೇಳದೆ ದೋಣಿಯ ಗಳ ಎತ್ತಿಕೊಂಡು ಕಡವಿಗೆ ಇಳಿದ.